ಬೋಳು ಬೆಟ್ಟ ಅಂತ ಗುಂಡಿ ತೋಡಬೇಡಿ

ನಾನು ಹುಟ್ಟಿ ಬೆಳೆದಿದ್ದು ಮಧುಗಿರಿ ಕಡೆ. ನಮ್ಮೂರ ಹಿಂದೆ ಒಂದು ಕಲ್ಲುಬೆಟ್ಟ ಇದೆ. ಎರಡು ವರ್ಷದ ಹಿಂದೆ ಒಂದಷ್ಟು ಜನ ಸೇರಿ ಅದರ ನೆತ್ತಿಯ ಮೇಲೆ ಸಸಿ ನೆಟ್ಟೆವು. ಹೌದು, ನಾನೂ ಗುದ್ದಲಿ ಹಿಡಿದಿದ್ದೆ. ಎಲ್ಲರದೂ ಒಳ್ಳೆಯ ಮನಸ್ಸೇ. ಮರುವರ್ಷದ ಬೇಸಿಗೆಗೆ ಒಂದು ಸಸಿಯೂ ಉಳಿಯಲಿಲ್ಲ. ಮೇಕೆ ಕಾಯುವ ನಮ್ಮ ಚಿಕ್ಕಪ್ಪ ಆ ಗುಂಡಿಗಳನ್ನು ನೋಡಿ ಹೇಳಿದ ಮಾತು ಇನ್ನೂ ಚುಚ್ಚುತ್ತದೆ. "ಬಂಡೆ ಮೇಲೆ ಇದ್ದಿದ್ದೇ ಒಂದು ಬೊಗಸೆ ಮಣ್ಣು ಮಗ. ಅದನ್ನೂ ಕೆದರಿಬಿಟ್ರಲ್ಲ."

ಆ ಬೊಗಸೆ ಮಣ್ಣು ಸುಮ್ನೆ ಬಂದಿದ್ದಲ್ಲ. ನಮ್ಮ ಭಾಗದ ಕಲ್ಲಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಅದರ ಮೇಲೆ ಬೂದು, ಹಳದಿ ಮಚ್ಚೆಗಳ ಹಾಗೆ ಅಂಟಿಕೊಂಡಿರುವುದನ್ನು ನೋಡಿರುತ್ತೀರಿ. ಮಸಾಲೆಗೆ ಹಾಕುವ ಕಲ್ಲುಹೂವಿನ ಬಳಗ ಅದು. ಒಂದು ಶಿಲೀಂಧ್ರ, ಒಂದು ಪಾಚಿ ಕೂಡಿ ಬಾಳುವ ಜೀವ. ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತದೆ. ತನ್ನ ಹುಳಿಯಿಂದ ಕಲ್ಲನ್ನು ಚೂರುಚೂರೇ ಸವೆಸುತ್ತದೆ. ಆ ಪುಡಿಗೆ ಗಾಳಿಯ ಧೂಳು, ಸತ್ತ ಪಾಚಿ ಸೇರಿ ಸಂದಿಯಲ್ಲಿ ಬೆರಳು ದಪ್ಪ ಮಣ್ಣಾಗುತ್ತದೆ. ಅಲ್ಲಿ ಗೇಣುದ್ದವೂ ಇಲ್ಲದ ಒಂದು ಹುಲ್ಲು ಬರುತ್ತದೆ. ಬೇಸಿಗೆಯಲ್ಲಿ ಒಣಗಿ ಸತ್ತೇ ಹೋಯಿತು ಅನಿಸುತ್ತದೆ. ಒಂದು ಒಳ್ಳೆ ಮಳೆ ಬೀಳಲಿ, ಅದೇ ಒಣಗಿದ ಎಲೆ ನೀರು ಕುಡಿದು ಹಸಿರಾಗುತ್ತದೆ. ಹೊಸ ಚಿಗುರಲ್ಲ, ಅದೇ ಎಲೆ! ನಾವು ಗುದ್ದಲಿಯಲ್ಲಿ ಕಿತ್ತು ಎಸೆದಿದ್ದು ಇದನ್ನೇ.

ಇನ್ನು ದೊಣೆಗಳು, ಅಂದರೆ ಬಂಡೆಯ ಮೇಲೆ ನೀರು ನಿಲ್ಲುವ ತಗ್ಗುಗಳು. ಮಳೆ ನೀರು ನಿಂತರೆ ಸಾಕು, ಕಪ್ಪೆ ಬಂದು ಮೊಟ್ಟೆ ಇಡುತ್ತದೆ. ಮೀನಿನ ಕಾಟ ಇಲ್ಲದ ನೀರು ಮರಿಗಳಿಗೆ ಬೇರೆ ಎಲ್ಲಿ ಸಿಗಬೇಕು? ನೀರು ಬತ್ತುವುದರೊಳಗೆ ಅವು ಕಾಲು ಬಲಿಸಿಕೊಂಡು ಹೊರಡಬೇಕು. ಪಕ್ಕದ ಬಂಡೆಯ ತುದಿಯಲ್ಲಿ ಗಂಡು ಓತಿಕ್ಯಾತ ಬೆನ್ನು ಕೆಂಪು ಮಾಡಿಕೊಂಡು ತಲೆ ಆಡಿಸುತ್ತಿರುತ್ತದೆ. ಅದಕ್ಕೆ ಕಾದ ಬಂಡೆಯೇ ಬೇಕು, ನೆರಳಲ್ಲ.

ಹಳದಿ ಕೊರಳಿನ ಪಿಕಳಾರ ಅಂತ ಒಂದು ಹಕ್ಕಿ ಇದೆ. ಇಡೀ ಪ್ರಪಂಚದಲ್ಲಿ ದಕ್ಷಿಣ ಭಾರತದ ಇಂಥ ಕಲ್ಲುಗುಡ್ಡಗಳ ಕುರುಚಲಲ್ಲಿ ಮಾತ್ರ ಬದುಕುತ್ತದೆ. ದೇವರಾಯನದುರ್ಗದಲ್ಲಿದೆ, ನಂದಿಬೆಟ್ಟದಲ್ಲಿದೆ. ಬಂಡೆ ಸಂದಿಯ ಅತ್ತಿ ಜಾತಿಯ ಗಿಡಗಳ ಹಣ್ಣು ತಿಂದು ಬೀಜವನ್ನು ಇನ್ನೊಂದು ಸಂದಿಗೆ ಹಾಕುತ್ತದೆ. ಬಂಡೆಗೆ ಸರಿಹೋಗುವ ಗಿಡ ಯಾವುದು, ಎಲ್ಲಿ ನೆಡಬೇಕು ಅಂತ ಅದಕ್ಕೆ ನಮಗಿಂತ ಚೆನ್ನಾಗಿ ಗೊತ್ತು. ಅಂಥ ಹಕ್ಕಿ ಇವತ್ತು ಅಪಾಯದಲ್ಲಿರುವ ಪಕ್ಷಿಗಳ ಪಟ್ಟಿಯಲ್ಲಿದೆ. ಕಲ್ಲು ಕ್ವಾರಿ, ಬೇಸಿಗೆಯ ಬೆಂಕಿ ಎರಡೂ ಅದರ ಮನೆ ತಿನ್ನುತ್ತಿವೆ.

ನನಗೆ ಸಿಟ್ಟು ಬರುವುದು "ಬೋಳು", "ಬಂಜರು" ಅನ್ನೋ ಮಾತುಗಳಿಗೆ. ಏನೂ ಇಲ್ಲ ಅಂದುಕೊಂಡ ಮೇಲೆ ಒಡೆದು ಜಲ್ಲಿ ಮಾಡಿದರೂ ಯಾರಿಗೂ ನೋವಾಗಲ್ಲ, ಅಲ್ವಾ? ನಿಜವಾಗಿ ಬೆಟ್ಟಕ್ಕೆ ಏನಾದರೂ ಮಾಡಬೇಕು ಅಂದರೆ ಫೆಬ್ರವರಿ, ಮಾರ್ಚಲ್ಲಿ ಬೆಂಕಿ ಬೀಳದಂತೆ ಕಾಯೋಣ. ಈ ಕೆಲಸಕ್ಕೆ ಜನ ಬರುವುದು ತುಂಬಾ ಕಮ್ಮಿ.

ಈ ವರ್ಷವೂ ಸಸಿ ನೆಡೋಣ ಅಂತ ಗ್ರೂಪಲ್ಲಿ ಮೆಸೇಜ್ ಬಂದಿದೆ. ಖಂಡಿತ ಬರುತ್ತೇನೆ. ಹೊಂಗೆ, ಬೇವಿನ ಸಸಿ ನಾನೇ ತರುತ್ತೇನೆ. ಗುಂಡಿ ಮಾತ್ರ ಕೆಳಗೆ, ಕೆರೆ ದಾರಿಯ ಪಕ್ಕ ತೆಗೆಯೋಣ. ಅಲ್ಲಿ ಮಣ್ಣು ಆಳವಾಗಿದೆ, ನೀರೂ ಹತ್ತಿರ.