ತನಗೆ ತಾನೇ ಅರ್ಜಿ ಹಾಕಿದ ಲಾರಿ ಡ್ರೈವರ್

ಅಮೆರಿಕದಲ್ಲಿ ಸಾಲ ಮಾಡಿ ಸ್ವಂತ ಲಾರಿ ಕೊಂಡು, ರಾಜ್ಯದಿಂದ ರಾಜ್ಯಕ್ಕೆ ಬಾಡಿಗೆ ಹೊಡೆಯಲು ಹೊರಟವನಿಗೆ ಒಂದು ಖುಷಿ ಇರುತ್ತದೆ. ಇನ್ನು ಮೇಲೆ ಯಾವ ಧಣಿಯ ಕಾಟವೂ ಇಲ್ಲ ಅಂತ. ಪಾಪ. ಕಾನೂನಿನ ಪ್ರಕಾರ ಅವನಿಗೊಬ್ಬ ಧಣಿ ಇದ್ದೇ ಇದ್ದಾನೆ. ಅದು ಅವನೇ.

ಇದು ನನ್ನ ಕುಚೋದ್ಯವಲ್ಲ. ಧಣಿಯೂ ಡ್ರೈವರೂ ಒಬ್ಬನೇ ಆಗಿದ್ದರೆ ಇಬ್ಬರ ನಿಯಮಗಳನ್ನೂ ಅವನೊಬ್ಬನೇ ಪಾಲಿಸಬೇಕು ಎಂದು ಫೆಡರಲ್, ಅಂದರೆ ಅಲ್ಲಿನ ಕೇಂದ್ರ ಸರ್ಕಾರದ, ಲಾರಿ ನಿಯಮಾವಳಿಯ 391ನೇ ಭಾಗ ಬಾಯಿಬಿಟ್ಟು ಹೇಳುತ್ತದೆ. ಹಾಗಾಗಿ ಡ್ರೈವರ್ ಮೊದಲು ಕೆಲಸಕ್ಕೆ ಅರ್ಜಿ ಹಾಕಬೇಕು. ಯಾರಿಗೆ? ತನಗೇ. ಮೂರು ವರ್ಷದ ಅಪಘಾತ, ದಂಡ, ಹಿಂದಿನ ಕೆಲಸ ಯಾಕೆ ಬಿಟ್ಟೆ ಅನ್ನೋ ಕಾರಣ, ಎಲ್ಲ ಬರೆದು, ಸಹಿ ಹಾಕಿ, ಟೇಬಲ್ಲಿನ ಆ ಕಡೆಗೆ ತಳ್ಳಬೇಕು. ಆಮೇಲೆ ಎದ್ದು ಹೋಗಿ ಆ ಕಡೆಯ ಕುರ್ಚಿಯಲ್ಲಿ ಕೂತು, ಕನ್ನಡಕ ಏರಿಸಿ, "ಹೂಂ, ಆಳು ಪರವಾಗಿಲ್ಲ" ಎಂದು ಫೈಲಿಗೆ ಸೇರಿಸಬೇಕು. ವರ್ಷಕ್ಕೊಮ್ಮೆ ಧಣಿ ಈ ಡ್ರೈವರಿನ ಚಾಲನಾ ದಾಖಲೆ ತರಿಸಿ ಪರಿಶೀಲಿಸಲೇಬೇಕು. ತಪ್ಪು ಸಿಕ್ಕರೆ ಯಾವ ಮುಖ ಇಟ್ಟುಕೊಂಡು ಬೈಯಬೇಕು ಅನ್ನೋದನ್ನ ಮಾತ್ರ ನಿಯಮ ಹೇಳಿಲ್ಲ.

ಡ್ರಗ್ಸ್ ಪರೀಕ್ಷೆಗೆ ಚೀಟಿ ಎತ್ತಿ ಹೆಸರು ಆರಿಸಬೇಕು. ಡಬ್ಬಿಯಲ್ಲಿ ಇರೋದೇ ಒಂದು ಚೀಟಿಯಾದರೆ ಮಜಾ ಎಲ್ಲಿ? ಅದಕ್ಕೇ ದುಡ್ಡು ಕೊಟ್ಟು, ಬೇರೆ ಡ್ರೈವರುಗಳ ಹೆಸರೂ ಇರುವ ಗುಂಪಿಗೆ ಸೇರಬೇಕು. ಇದರಲ್ಲೇನೋ ಸ್ವಲ್ಪ ಅರ್ಥವಿದೆ ಅನ್ನಿ. ಆದರೆ 2020ರ ಜನವರಿಯಲ್ಲಿ ಕ್ಲಿಯರಿಂಗ್‌ಹೌಸ್ ಅಂತ ಒಂದು ಬಂತು. ಡ್ರಗ್ಸ್, ಮದ್ಯದ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರ ದಾಖಲೆ ಅಲ್ಲಿರುತ್ತದೆ. ವರ್ಷಕ್ಕೊಮ್ಮೆಯಾದರೂ ತನ್ನ ಡ್ರೈವರ್ ಬಗ್ಗೆ ಧಣಿ ಅಲ್ಲಿ ವಿಚಾರಿಸಬೇಕು. ವಿಚಾರಿಸೋಕೆ ಡ್ರೈವರಿನ ಒಪ್ಪಿಗೆ ಬೇಕು. ಯಾರನ್ನೂ ಕೇಳದೆ ಸುಮ್ನೆ ಒಬ್ಬರ ಗುಟ್ಟು ಕೆದಕೋದು ತಪ್ಪು, ಅಲ್ವಾ?

ಇನ್ನು ಡಿಒಟಿ ನಂಬರು, ಅಂದರೆ ಸಾರಿಗೆ ಇಲಾಖೆ ಪ್ರತಿ ಧಣಿಗೂ ಕೊಡುವ ಗುರುತಿನ ಸಂಖ್ಯೆ. ಅದನ್ನು ಬಿಟ್ಟಿಯಾಗೇ ಕೊಡುತ್ತಾರೆ. ಆದರೆ ಎರಡು ವರ್ಷಕ್ಕೊಮ್ಮೆ ವಿವರ ನವೀಕರಿಸಬೇಕು. ಯಾವಾಗ? ನಂಬರಿನ ಕೊನೆಯ ಅಂಕಿ ತಿಂಗಳನ್ನು ಹೇಳುತ್ತದೆ. ಅದರ ಹಿಂದಿನ ಅಂಕಿ ಬೆಸವೋ ಸಮವೋ ನೋಡಿ ವರ್ಷ ತಿಳಿಯಬೇಕು. ಜಾತಕ ಬರೆಯುವವರೂ ಇಷ್ಟು ಗುಣಿಸಲಿಕ್ಕಿಲ್ಲ. ಏನೂ ಬದಲಾಗಿಲ್ಲ ಅಂದರೆ, ಏನೂ ಬದಲಾಗಿಲ್ಲ ಅಂತ ತಿಳಿಸಬೇಕು. ಮರೆತರೆ ದಿನಕ್ಕೆ 1,000 ಡಾಲರಿನವರೆಗೆ ದಂಡ ಬೀಳಬಹುದು.

ರಾಜ್ಯದಿಂದ ರಾಜ್ಯಕ್ಕೆ ಲಾರಿ ಓಡಿಸುವವರು ನೋಂದಣಿಗೆಂದು ವರ್ಷ ವರ್ಷ ಕಟ್ಟುವ ಯುಸಿಆರ್ ಶುಲ್ಕವೂ ಉಂಟು. ಇದು ರಾಜ್ಯಗಳ ನಡುವಿನ ಒಪ್ಪಂದ, ಸೇರಿರುವುದು 41 ರಾಜ್ಯ. ಸೇರದ ಫ್ಲೋರಿಡಾದವನು ಬಚಾವಾ? ಇಲ್ಲ. ಸೇರಿರುವ ಬೇರೊಂದು ರಾಜ್ಯವನ್ನು ತನ್ನದೆಂದು ಆರಿಸಿಕೊಂಡು ಅವನೂ ಕಟ್ಟಬೇಕು. ಡೀಸೆಲ್ ತೆರಿಗೆಯ ಕಥೆ ಬೇರೆ. ಒಂದು ರಾಜ್ಯದಲ್ಲಿ ತುಂಬಿಸಿ ಇನ್ನೊಂದರಲ್ಲಿ ಉರಿಸಿದ್ದನ್ನು ಮೈಲಿ ಲೆಕ್ಕದಲ್ಲಿ ಮೂರು ತಿಂಗಳಿಗೊಮ್ಮೆ ಒಪ್ಪಿಸಬೇಕು. ಲಾರಿ ಕದಲದೇ ನಿಂತಿದ್ದರೆ ಸೊನ್ನೆ ಅಂತ ಬರೆದು ಕಳಿಸಬೇಕು.

ಡೀಸೆಲ್ ಬಿಲ್ಲು, ಲೋಡಿನ ಚೀಟಿಗಳನ್ನು ಡ್ರೈವರ್ 13 ದಿನದೊಳಗೆ ಧಣಿಗೆ ತಲುಪಿಸಬೇಕು ಅನ್ನೋ ನಿಯಮವೂ ಇದೆ. ಅಂದರೆ ಎಡಗೈಯಿಂದ ಬಲಗೈಗೆ ಸುಮಾರು ಎರಡು ವಾರ. ನಿದ್ದೆ ಬಿಟ್ಟು ಓಡಿಸು ಅಂತ ಧಣಿ ಬಲವಂತ ಮಾಡಿದರೆ 90 ದಿನದೊಳಗೆ ದೂರು ಕೊಡುವ ಹಕ್ಕು ಡ್ರೈವರಿಗಿದೆ. 2016ರಿಂದ ಈ ಸೌಲಭ್ಯ.

ಇದೆಲ್ಲ ಸಾಕಾಗಿ ಲಾರಿ ಮಾರಿ ಬೇರೆ ಕಂಪನಿಗೆ ಸೇರುತ್ತಾನೆ ಅಂತಿಟ್ಟುಕೊಳ್ಳಿ. ಬಿಟ್ಟು ಹೋದ ಡ್ರೈವರಿನ ಫೈಲನ್ನು ಹಳೇ ಧಣಿ ಇನ್ನೂ ಮೂರು ವರ್ಷ ಕಾಪಾಡಬೇಕು. ಹೊಸ ಕಂಪನಿಯವರು ಹಳೇ ಧಣಿಗೆ ಪತ್ರ ಬರೆದು ಈ ಮನುಷ್ಯನ ಅಪಘಾತದ ಲೆಕ್ಕ ಕೇಳುತ್ತಾರೆ. ಉತ್ತರ ಕೊಡಲು 30 ದಿನ ಗಡುವು. ಹೊಸ ಧಣಿಯ ಲಾರಿಯಿಂದ ಇಳಿದು ಮನೆಗೆ ಬಂದು, ಅವನೇ ಬರೆದು ಕಳಿಸಬೇಕು.