ಪುಸ್ತಕಕ್ಕೂ ಒಂದು ಕುಬಸ

ಓದುವವರಲ್ಲೂ ಮಡಿ-ಮೈಲಿಗೆ ಇದೆ ಅನ್ನೋದು ಗೊತ್ತಾಗಬೇಕಾದರೆ ನೀವು ರೋಮ್‌ಕಾಮ್, ಅಂದರೆ ನಗಿಸುವ ಪ್ರೇಮಕಥೆ, ಓದಬೇಕು. ದಪ್ಪನೆಯ, ಗಂಭೀರ ಮುಖದ ಕಾದಂಬರಿ ಹಿಡಿದು ಕೂತರೆ ‘ಭಾಳ ಓದ್ತಾರ್ರಿ ಇವರು’ ಅನ್ನುತ್ತಾರೆ. ಅದೇ ಕೈಯಲ್ಲಿ ಗುಲಾಬಿ ರಟ್ಟಿನ, ಮೇಲೊಂದು ಹುಡುಗ-ಹುಡುಗಿಯ ಕಾರ್ಟೂನ್ ಇರುವ ಪುಸ್ತಕ ಕಂಡರೆ ‘ಏನ್ರಿ, ಟೈಂಪಾಸಾ?’ ಅನ್ನುತ್ತಾರೆ. ಹೌದು, ಟೈಂಪಾಸೇ. ಟೈಮು ನಂದು, ಪಾಸಾಗಲಿ ಬಿಡಿ.

ಇದರ ಜೊತೆಗೆ ನನಗೆ ಪುಸ್ತಕಕ್ಕೆ ಶೃಂಗಾರ ಮಾಡೋ ಹುಚ್ಚೂ ಇದೆ. ಬುಕ್‌ಮಾರ್ಕು, ಬಟ್ಟೆಯ ಕವರು, ರಟ್ಟಿಗೆ ಸಿಕ್ಕಿಸುವ ಪುಟ್ಟ ದೀಪ, ಬಣ್ಣಬಣ್ಣದ ಅಂಟುಚೀಟಿ. ಓದೋದಕ್ಕೆ ಪುಸ್ತಕ ಸಾಕಲ್ವಾ, ಇವೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. ಹೊಟ್ಟೆ ತುಂಬೋದಕ್ಕೆ ರೊಟ್ಟಿ-ಪಲ್ಯ ಸಾಕು. ಹಾಗಂತ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು ಬೇಡ ಅನ್ನುವ ಮನುಷ್ಯನನ್ನು ಬಾಗಲಕೋಟೆಯಲ್ಲಿ ತೋರಿಸಿ ನೋಡೋಣ.

ಮೊದಲು ಪುಸ್ತಕದ ಮಾತು ಮುಗಿಸುತ್ತೇನೆ.

ರೋಮ್‌ಕಾಮ್ ಕಾದಂಬರಿಯ ಕೊನೆ ಎಲ್ಲರಿಗೂ ಗೊತ್ತು. ಇಬ್ಬರೂ ಒಂದಾಗುತ್ತಾರೆ. ಆಗದಿದ್ದರೆ ಅದು ರೋಮ್‌ಕಾಮೇ ಅಲ್ಲ. ‘ಕೊನೆ ಗೊತ್ತಿದ್ದ ಮ್ಯಾಲೆ ಓದೂದೇನು?’ ಅಂತ ನಮ್ಮ ಮನೆಯವರು ಕೇಳುತ್ತಾರೆ. ಇದೇ ಮನುಷ್ಯ 2011ರ ವಿಶ್ವಕಪ್ ಫೈನಲ್‌ನಲ್ಲಿ ಧೋನಿ ಹೊಡೆದ ಸಿಕ್ಸರ್‌ನ್ನು ಯೂಟ್ಯೂಬಿನಲ್ಲಿ ಈಗಲೂ ಕಣ್ಣು ಪಿಳುಕಿಸದೆ ನೋಡುತ್ತಾರೆ. ಚೆಂಡು ಈ ಸಲ ಎಲ್ಲಾದರೂ ಕ್ಯಾಚ್ ಆಗಿಬಿಡುತ್ತದೋ ಏನೋ ಅನ್ನೋ ಹಾಗೆ!

ಅಳಿಸುವುದು ಸುಲಭ ಅಂತ ನನ್ನ ಅಭಿಪ್ರಾಯ. ಒಂದು ಆಸ್ಪತ್ರೆ, ಒಂದು ರೈಲು ನಿಲ್ದಾಣ, ಸರಿಯಾದ ಹೊತ್ತಿಗೆ ತಲುಪದ ಒಂದು ಪತ್ರ. ಮುಗೀತು. ನಗಿಸೋದು ಹಾಗಲ್ಲ. ಇಬ್ಬರು ಮುನ್ನೂರು ಪುಟ ಮಾತಿಗೆ ಮಾತು ಕೊಡುತ್ತಾ ಹೋಗಬೇಕು. ಒಂದು ಮಾತು ಉದ್ದವಾದರೂ ಸಪ್ಪೆ. ಒಂದು ಮಾತು ಖಾರವಾದರೂ ಹುಡುಗ ಒರಟನಾಗಿ ಕಾಣುತ್ತಾನೆ. ಜಗಳದ ಅಡಿಯಲ್ಲಿ ಇವರಿಗೆ ಒಬ್ಬರ ಮೇಲೊಬ್ಬರಿಗೆ ಮನಸ್ಸಾಗಿದೆ ಅಂತ ಓದುವವರಿಗೆ ಗೊತ್ತಾಗಬೇಕು, ಅವರಿಬ್ಬರಿಗೆ ಮಾತ್ರ ಗೊತ್ತಾಗಬಾರದು. ಬರೆದು ನೋಡಿ, ಎರಡನೇ ಪುಟಕ್ಕೆ ಬೆವರು ಬರುತ್ತದೆ.

ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಅಂತ ಭಯಭಕ್ತಿಯಿಂದ ಓದಿಸುವ ಜೇನ್ ಆಸ್ಟಿನ್ ಮಾಡಿದ್ದೂ ಇದನ್ನೇ. ‘ಪ್ರೈಡ್ ಅಂಡ್ ಪ್ರೆಜುಡಿಸ್’ ಬಂದಿದ್ದು 1813ರಲ್ಲಿ. ಐದು ಹೆಣ್ಣುಮಕ್ಕಳ ತಾಯಿ, ಊರಿಗೆ ದುಡ್ಡಿರುವ ಹುಡುಗ ಬಂದ ಅಂದ ಕೂಡಲೇ ಗಂಡನಿಗೆ ಗಂಟು ಬೀಳುತ್ತಾಳೆ, ಹೋಗಿ ಪರಿಚಯ ಮಾಡಿಕೊಂಡು ಬಾ ಅಂತ. ಈ ತಾಯಿ ನಮ್ಮ ನವನಗರದ ಯಾವ ಸೆಕ್ಟರಿನಲ್ಲಿ ಇಲ್ಲ ಹೇಳಿ! ಇನ್ನೂರು ವರ್ಷ ದಾಟಿದ ಮೇಲೆ ಅದು ಕ್ಲಾಸಿಕ್. ಹೋದ ವರ್ಷ ಬಂದದ್ದು ಟೈಂಪಾಸ್. ನಮ್ಮ ದೇಶದವರೂ ಚೆನ್ನಾಗಿ ಬರೆದಿದ್ದಾರೆ. ಅನುಜಾ ಚೌಹಾನ್ ಅವರ ‘ದ ಜೋಯಾ ಫ್ಯಾಕ್ಟರ್’ 2008ರದು. ಜಾಹೀರಾತು ಕಂಪನಿಯ ಒಬ್ಬ ಹುಡುಗಿ ಜೊತೆಗೆ ಕೂತು ತಿಂಡಿ ತಿಂದರೆ ಭಾರತ ತಂಡ ಗೆಲ್ಲುತ್ತದೆ ಅನ್ನೋ ನಂಬಿಕೆ ಶುರುವಾಗುತ್ತದೆ, ಕ್ಯಾಪ್ಟನ್‌ಗೆ ಮಾತ್ರ ಅದರಲ್ಲಿ ನಂಬಿಕೆ ಇಲ್ಲ. ಕ್ರಿಕೆಟ್ ಹುಚ್ಚಿನ ಗಂಡಂದಿರಿಗೆ ಕೊಡಬಹುದಾದ ಪುಸ್ತಕ. ನಮ್ಮವರು ಅರ್ಧ ಓದಿದ್ದಾರೆ. ಉಳಿದರ್ಧ ಅವರಿಗೆ ಗೊತ್ತಂತೆ.

ಈಗಿನ ರೋಮ್‌ಕಾಮ್‌ಗಳ ರಟ್ಟು ನೋಡಿದರೆ ಒಂದು ತಮಾಷೆ ಇದೆ. ಎಲ್ಲಾ ಹಳದಿ, ಗುಲಾಬಿ, ಆಕಾಶನೀಲಿ. ಚಿತ್ರಗಳು ಮಕ್ಕಳ ಪುಸ್ತಕದ ಥರ. ಒಮ್ಮೆ ಗುಳೇದಗುಡ್ಡದ ಬಸ್ಸಿನಲ್ಲಿ ಸೀಟು ಸಿಕ್ಕಿತ್ತು. ಶಕ್ತಿ ಯೋಜನೆ ಬಂದ ಮೇಲೆ ಸೀಟು ಸಿಗೋದೇ ಒಂದು ಸುದ್ದಿ, ಅದಕ್ಕೆ ಹೇಳುತ್ತಿದ್ದೇನೆ. ಪಕ್ಕದಲ್ಲಿದ್ದ ಅಜ್ಜಿ ಬಹಳ ಹೊತ್ತು ರಟ್ಟು ನೋಡಿ, ‘ಚಿತ್ರ ಚಲೋ ಅದಾವ ನೋಡವಾ. ಮೊಮ್ಮಗಳಿಗೆ ಇಂಥಾದು ಒಂದು ಕೊಡಸಬೇಕು, ಎಲ್ಲಿ ಸಿಗತೈತಿ?’ ಅಂದರು. ಮೊಮ್ಮಗಳು ಎರಡನೇತ್ತೆ ಅಂತೆ. ನಾನು ಓದುತ್ತಿದ್ದದ್ದು ಇಪ್ಪತ್ತೊಂದನೇ ಅಧ್ಯಾಯ. ಎರಡನೇತ್ತೆಯವರಿಗಿರಲಿ, ಆ ಪುಟವನ್ನು ಕಂಡಕ್ಟರ್ ಕಣ್ಣಿಗೂ ಬೀಳದ ಹಾಗೆ ಹಿಡಿದುಕೊಂಡಿದ್ದೆ. ‘ಇದು ಔಟ್ ಆಫ್ ಸ್ಟಾಕ್ ಆಗೈತ್ರಿ ಅಮ್ಮಾ’ ಅಂದೆ.

ಮನೆಯಲ್ಲಿ ನಮ್ಮ ಅತ್ತೆಗೆ ಇಂಗ್ಲಿಷ್ ಬರೋದಿಲ್ಲ. ಸಂಜೆ ಶೇಂಗಾ ಸುಲಿಯುವಾಗ ಕಥೆ ಹೇಳು ಅನ್ನುತ್ತಾರೆ. ಬೇಕಾದ್ದು ಹೇಳಿ, ಬೇಡದ್ದು ಹಾರಿಸುತ್ತೇನೆ. ಹಾರಿಸಿದ್ದು ಅವರಿಗೆ ಹೇಗೋ ಗೊತ್ತಾಗುತ್ತದೆ. ‘ನಡಕ ಏನೋ ಬಿಟ್ಟಿ’ ಅನ್ನುತ್ತಾರೆ. ಅವರ ವಿಮರ್ಶೆ ಯಾವ ಪತ್ರಿಕೆಯಲ್ಲೂ ಬರುವಂಥದ್ದಲ್ಲ. ‘ಈ ಹುಡುಗ್ಗ ಅವ್ವ ಇಲ್ಲೇನು? ಇಷ್ಟೆಲ್ಲಾ ನಡ್ಯಾಕತ್ತೈತಿ, ಒಂದು ಫೋನ್ ಸೈತ ಮಾಡವಲ್ಲಳಲ್ಲ ಆಕಿ?’

ಇದು ದೊಡ್ಡ ಪ್ರಶ್ನೆ. ನಾನು ಓದಿದ ಹೆಚ್ಚಿನ ಇಂಗ್ಲಿಷ್ ರೋಮ್‌ಕಾಮ್‌ಗಳಲ್ಲಿ ಅಪ್ಪ-ಅವ್ವ ಎಲ್ಲೋ ದೂರದ ಊರಿನಲ್ಲಿರುತ್ತಾರೆ, ಹಬ್ಬಕ್ಕೊಮ್ಮೆ ಬರುತ್ತಾರೆ. ಹಾಗಾಗಿ ಇಬ್ಬರಿಗೇ ಜಗಳವಾಡಲು, ಮುನಿಸಿಕೊಳ್ಳಲು, ತಪ್ಪು ತಿಳಿದುಕೊಳ್ಳಲು ಬೇಕಾದಷ್ಟು ಜಾಗ ಸಿಗುತ್ತದೆ. ನಮ್ಮಲ್ಲಿ ಆ ಜಾಗವೇ ಇಲ್ಲ. ಅವರ ಕಥೆಗಳಲ್ಲಿ ಹೋಟೆಲಿಗೆ ಹೋದರೆ ಒಂದೇ ರೂಮು, ಒಂದೇ ಹಾಸಿಗೆ ಉಳಿದಿರುತ್ತದೆ. ಓದುಗರಿಗೆ ಇದೊಂದು ಸನ್ನಿವೇಶ ಬಹಳ ಇಷ್ಟ. ನಮ್ಮ ಕಡೆ ಮದುವೆ ಮನೆಯಲ್ಲಿ ಒಂದೇ ಜಮಖಾನಾದ ಮೇಲೆ ಸೋದರಮಾವ, ಅವನ ಗೊರಕೆ, ಮೂರು ಕೂಸು, ಯಾರದ್ದೋ ಟ್ರಂಕು ಎಲ್ಲಾ ಇರುತ್ತವೆ. ಪ್ರೇಮ ಎಲ್ಲಿ ಕಾಲು ಚಾಚಬೇಕು?

ನನಗೆ ಇಷ್ಟವಾಗದ ಒಂದು ವಿಷಯವೂ ಇದೆ, ಹೇಳಿಬಿಡುತ್ತೇನೆ. ಮುಕ್ಕಾಲು ಪುಸ್ತಕ ಮುಗಿಯುವ ಹೊತ್ತಿಗೆ ಒಂದು ಜಗಳ ಬಂದೇ ಬರುತ್ತದೆ. ಆಕೆ ಯಾವುದೋ ಅರ್ಧ ಮಾತು ಕೇಳಿಸಿಕೊಳ್ಳುತ್ತಾಳೆ, ಪೂರ್ತಿ ಕೇಳದೆ ಹೋಗಿಬಿಡುತ್ತಾಳೆ. ಅವನು ಹಿಂದೆ ಓಡಿಹೋಗದೆ ಮಳೆಯಲ್ಲಿ ನಿಂತುಕೊಳ್ಳುತ್ತಾನೆ. ಒಂದು ಫೋನಿನಲ್ಲಿ ಮುಗಿಯುವ ವಿಷಯಕ್ಕೆ ಅರವತ್ತು ಪುಟ! ಅಲ್ಲಿಯವರೆಗೆ ಇಬ್ಬರೂ ಎಷ್ಟು ಚುರುಕಾಗಿ ಮಾತಾಡುತ್ತಿದ್ದರು, ಇದ್ದಕ್ಕಿದ್ದಂತೆ ನಾಲಿಗೆ ಬಿದ್ದುಹೋದ ಹಾಗೆ ಆಡುತ್ತಾರೆ. ಒಳ್ಳೆಯ ಲೇಖಕರು ಇಲ್ಲಿ ಗೆಲ್ಲುತ್ತಾರೆ. ಅವರ ಜಗಳಕ್ಕೆ ನಿಜವಾದ ಕಾರಣ ಇರುತ್ತದೆ. ಕೆಲಸ ಬೇರೆ ಊರಿನಲ್ಲಿ, ಮನಸ್ಸಿನಲ್ಲಿ ಹಳೇ ಹೆದರಿಕೆ, ಇಲ್ಲಾ ದುಡ್ಡು. ಉಳಿದವರು ಮಳೆ ಸುರಿಸುತ್ತಾರೆ.

ಇನ್ನು ಶೃಂಗಾರದ ಸಾಮಾನು.

ಈ ಮಾರುಕಟ್ಟೆ ಈಗ ಬಹಳ ಬೆಳೆದಿದೆ. ಹಾಳೆಗಳ ಅಂಚಿಗೆ ಬಣ್ಣ ಬಳಿದ ವಿಶೇಷ ಮುದ್ರಣ, ಕಾದಂಬರಿಯ ಮಾತು ಅಚ್ಚಾದ ಕೈಚೀಲ, ಹಳೇ ಪುಸ್ತಕದ ವಾಸನೆ ಬರುವ ಮೇಣದಬತ್ತಿ. ಮೇಣದಬತ್ತಿ ವಿಷಯದಲ್ಲಿ ನನ್ನ ತೀರ್ಪು ಖಡಕ್. ಬಾಗಲಕೋಟೆಯ ಮೇ ತಿಂಗಳಲ್ಲಿ ಫ್ಯಾನ್ ಹಾಕಿದರೆ ಬತ್ತಿ ಆರುತ್ತದೆ, ಫ್ಯಾನ್ ಆರಿಸಿದರೆ ನಾವು ಆರುತ್ತೇವೆ. ಹಳೇ ಪುಸ್ತಕದ ವಾಸನೆ ಬೇಕಾದರೆ ಹಳೇ ಪುಸ್ತಕ ಮೂಸಿ ನೋಡಬಹುದು. ಅಯಸ್ಕಾಂತದ ಬುಕ್‌ಮಾರ್ಕ್ ಪರವಾಗಿಲ್ಲ, ಬಸ್ಸಿನ ಕುಲುಕಾಟಕ್ಕೆ ಜಾರೋದಿಲ್ಲ. ಸಿಕ್ಕಿಸುವ ದೀಪ ಮಾತ್ರ ಪ್ರತಿ ಮನೆಯಲ್ಲೂ ಇರಬೇಕು. ಕರೆಂಟ್ ಯಾವಾಗಲೂ ನಾಯಕ ಬಾಯಿ ಬಿಡುವ ಹೊತ್ತಿಗೇ ಹೋಗುತ್ತದೆ. ಹಳದಿ ಬೆಳಕಿನದ್ದೇ ತೆಗೆದುಕೊಳ್ಳಿ. ಬಿಳಿ ಬೆಳಕಿನದ್ದು ಹಾಕಿದರೆ ಪಕ್ಕದಲ್ಲಿ ಮಲಗಿದವರು ಎದ್ದು ಕೂರುತ್ತಾರೆ.

ಇದೆಲ್ಲ ಪರದೇಶದ ಷೋಕಿ ಅನ್ನುವವರು ತಮ್ಮ ಅಟ್ಟ ಹುಡುಕಲಿ. ವ್ಯಾಸಪೀಠ ಏನು ಮತ್ತೆ? ಒಂದೇ ಹಲಗೆಯನ್ನು ಸೀಳಿ, ಮೊಳೆ ಇಲ್ಲದೆ, ಅಂಟು ಇಲ್ಲದೆ, ಕತ್ತರಿಯ ಹಾಗೆ ತೆರೆದು ಮಡಚುವಂತೆ ಮಾಡಿದ ಪುಸ್ತಕದ ಪೀಠ. ಪುರಾಣ ಓದುವವರ ಮನೆಯಲ್ಲಿ ವ್ಯಾಸಪೀಠ, ಕುರಾನ್ ಓದುವವರ ಮನೆಯಲ್ಲಿ ರೆಹಲ್. ಪುರಾಣದ ಪುಸ್ತಕವನ್ನು ಕೆಂಪು ವಸ್ತ್ರದಲ್ಲಿ ಸುತ್ತಿಡುತ್ತಿದ್ದರು. ಅದು ಬುಕ್ ಸ್ಲೀವ್ ಅಲ್ಲದೆ ಇನ್ನೇನು? ಪಠ್ಯಪುಸ್ತಕದಲ್ಲಿ ನವಿಲುಗರಿ ಇಟ್ಟು, ಮರಿ ಹಾಕುತ್ತದೆ ಅಂತ ಕಾದವರು ನಾವೇ ಅಲ್ವಾ? ಪುಸ್ತಕಕ್ಕೆ ಅಲಂಕಾರ ಮಾಡೋದು ನಮಗೆ ಹೊಸದಲ್ಲ. ನಗಿಸುವ ಪುಸ್ತಕಕ್ಕೆ ಮಾಡಿದರೆ ಮಾತ್ರ ಹುಬ್ಬು ಏರುತ್ತವೆ.

ನಾನು ಈಗ ತರಿಸೋದು ಕಡಿಮೆ, ಹೊಲಿಸೋದು ಜಾಸ್ತಿ. ಗುಳೇದಗುಡ್ಡದ ಖಣಕ್ಕಿಂತ ಚೆಂದದ ಪುಸ್ತಕದ ಕವರ್ ನನಗೆ ಎಲ್ಲೂ ಸಿಕ್ಕಿಲ್ಲ. ಹೆಣ್ಣುಮಕ್ಕಳು ಖಣದ ಕುಪ್ಪಸ ತೊಡೋದು ಕಡಿಮೆಯಾಗಿ, ಖಣ ಅಂದರೆ ಉಡಿ ತುಂಬೋದಕ್ಕೆ ಮಾತ್ರ ಅನ್ನುವ ಹಾಗಾಗಿತ್ತು. ನಮ್ಮ ಕಪಾಟಿನಲ್ಲೂ ಹಾಗೆ ಬಂದ ಖಣಗಳ ಗಂಟೇ ಇದೆ, ಒಂದು ಮನೆಯಲ್ಲಿ ಬಂದದ್ದು ಇನ್ನೊಂದು ಮನೆಗೆ ದಾಟಲು ಕಾಯುತ್ತಾ. ಅದರಲ್ಲೊಂದು ಹಸಿರು ಖಣ, ಕೆಂಪು ದಡಿಯದ್ದು, ತೆಗೆದುಕೊಂಡು ನಮ್ಮ ಸೆಕ್ಟರಿನ ಟೇಲರ್ ಅಕ್ಕನ ಹತ್ತಿರ ಹೋದೆ. ಇಂಗ್ಲೆಂಡಿನ ಪೇಪರ್‌ಬ್ಯಾಕ್‌ಗಳಲ್ಲಿ ಬಹಳ ಬಳಕೆಯ ಒಂದು ಅಳತೆ 198 ಮಿಲಿಮೀಟರ್ ಉದ್ದ, 129 ಮಿಲಿಮೀಟರ್ ಅಗಲ. ಅಕ್ಕನ ಟೇಪಿಗೆ ಅದು ಸರಿಸುಮಾರು ಎಂಟು ಇಂಚು, ಐದು ಇಂಚು. ಪುಸ್ತಕದ ದಪ್ಪಕ್ಕೆ ಜಾಗ ಬೇಕಲ್ಲ, ಒಂಬತ್ತು ಇಂಚು ಉದ್ದ, ಏಳು ಇಂಚು ಅಗಲ ಇಡಿ ಅಂದೆ. ಒಳಗೆ ಹಳೇ ಹತ್ತಿ ಸೀರೆಯ ಅಸ್ತರು, ನಡುವೆ ತೆಳ್ಳಗೆ ಫೋಮ್. ಚೈನ್ ಬೇಡ, ಅದು ರಟ್ಟಿಗೆ ಗೀರುತ್ತದೆ. ಮೇಲೊಂದು ಮಡಿಕೆ, ಅದಕ್ಕೊಂದು ಟಿಚ್ ಬಟನ್. ದಡಿ ಸರಿಯಾಗಿ ಆ ಮಡಿಕೆಯ ಮೇಲೆ ಬರಬೇಕು. ಬಸುರಿಗೆ ಮಾಡುವ ಸೀಮಂತಕ್ಕೆ ನಮ್ಮ ಕಡೆ ‘ಕುಬಸ’ ಅನ್ನುತ್ತಾರೆ, ಅದು ನನಗೆ ಹೊಳೆದಿರಲಿಲ್ಲ.

ಅಕ್ಕ ಎಲ್ಲಾ ಕೇಳಿಸಿಕೊಂಡು, ಬಾಯಲ್ಲಿದ್ದ ಗುಂಡುಸೂಜಿ ತೆಗೆದು, ‘ಪುಸ್ತಕಕ್ಕ ಹಸರ ಖಣದಾಗ ಕುಬಸ ಮಾಡಾಕತ್ತೀರಿ. ಎಷ್ಟನೇ ತಿಂಗಳ್ರಿ ಮೇಡಂ?’ ಅಂದಳು.

‘ಇನ್ನೂ ಮೂರನೇ ಅಧ್ಯಾಯ್ರಿ ಅಕ್ಕಾ’ ಅಂದೆ.

ಅದಾದ ಮೇಲೆ ನಮ್ಮ ಅವ್ವನ ಹರಿದ ಇಳಕಲ್ ಸೀರೆ ನೆನಪಾಯಿತು. ಇಳಕಲ್ ಸೀರೆಯಲ್ಲಿ ಮೈ ಬೇರೆ, ಸೆರಗು ಬೇರೆ. ಎರಡರ ಹಾಸಿನ ಎಳೆಗಳನ್ನು ಕೊಂಡಿ ಹಾಕಿ ಕೂಡಿಸಿ ನೇಯುತ್ತಾರೆ. ಮೈ ಪೂರ್ತಿ ಚಿಂದಿಯಾಗಿದ್ದರೂ ತೋಪ್ ತೆನಿ ಸೆರಗು ಗಟ್ಟಿಮುಟ್ಟಾಗಿತ್ತು. ಎರಡು ಇಂಚು ಅಗಲದ ಪಟ್ಟಿ ಕತ್ತರಿಸಿ, ಹಿಂದೆ ಗಟ್ಟಿ ಕಾಗದ ಅಂಟಿಸಿ ಬುಕ್‌ಮಾರ್ಕ್ ಮಾಡಿಸಿದೆ. ತೆನಿಯ ಕೆಂಪು-ಬಿಳಿ ಮೊನೆಗಳು ಪುಸ್ತಕದಿಂದ ಹೊರಗೆ ಇಣುಕುತ್ತವೆ. ಇದನ್ನು ಕಂಡ ಕಾಲೇಜು ಹುಡುಗಿಯರು ಎಲ್ಲಿ ಆರ್ಡರ್ ಮಾಡಿದಿರಿ ಅಂತ ಲಿಂಕ್ ಕೇಳುತ್ತಾರೆ. ಲಿಂಕ್ ಇಲ್ಲ. ನಿಮ್ಮ ಅವ್ವನ ಟ್ರಂಕು ತೆಗೀರಿ.

ಸಾಮಾನಿನ ಆಸೆ ಓದನ್ನು ತಿನ್ನಬಾರದು ಅನ್ನೋದನ್ನೂ ಒಪ್ಪುತ್ತೇನೆ. ಐದು ಬಣ್ಣದ ಅಂಟುಚೀಟಿ ಇಟ್ಟುಕೊಂಡು, ನಕ್ಕ ಜಾಗಕ್ಕೆ ಹಳದಿ, ಅತ್ತ ಜಾಗಕ್ಕೆ ನೀಲಿ ಅಂತ ಲೆಕ್ಕ ಬರೆಯುತ್ತಾ ಕೂತರೆ ನಗೋದು ಯಾವಾಗ? ನನಗೆ ಒಂದೇ ಬಣ್ಣ ಸಾಕು. ಅತ್ತೆಗೆ ಹೇಳುವಾಗ ಹಾರಿಸಬೇಕಾದ ಪುಟಕ್ಕೆ ಹಚ್ಚುತ್ತೇನೆ.

ನನ್ನ ನಿಜವಾದ ತಕರಾರು ಬೇರೆ ಇದೆ. ಇಷ್ಟೆಲ್ಲಾ ಕವರು ಹೊಲಿಸಿ, ಅದರೊಳಗೆ ನಾನು ಹಾಕೋದು ಇಂಗ್ಲಿಷ್ ಪುಸ್ತಕವನ್ನೇ. ಕನ್ನಡದಲ್ಲಿ ಪ್ರೇಮ ಕಾದಂಬರಿಗೆ ಬರವಿಲ್ಲ. ವಾರಪತ್ರಿಕೆಯ ಧಾರಾವಾಹಿ, ಬಾಡಿಗೆ ಲೈಬ್ರರಿಯ ಕಾದಂಬರಿ ಓದಿಯೇ ನಮ್ಮ ಅವ್ವಂದಿರು ಬೆಳೆದದ್ದು. ಆದರೆ ನಾನು ಓದಿದವುಗಳಲ್ಲಿ ತ್ಯಾಗ ಜಾಸ್ತಿ, ಕೆಮ್ಮು ಜಾಸ್ತಿ. ಹಾಸ್ಯಕ್ಕೂ ಬರವಿಲ್ಲ. ಪ್ರೇಮ ಒಂದು ಕಪಾಟಿನಲ್ಲಿ, ಹಾಸ್ಯ ಇನ್ನೊಂದು ಕಪಾಟಿನಲ್ಲಿ. ಕವಿತೆಯಲ್ಲಿ ಎರಡನ್ನೂ ಕೂಡಿಸಿದವರಿದ್ದಾರೆ. 1942ರ ‘ಮೈಸೂರು ಮಲ್ಲಿಗೆ’ಯಲ್ಲಿ ಗಂಡ-ಹೆಂಡಿರ ಸರಸ ಎಷ್ಟು ಬೇಕು?

ಅದಕ್ಕೂ ಬಹಳ ಹಿಂದೆ ನಮ್ಮ ಕಡೆಯೇ ಒಂದು ದೊಡ್ಡ ರೋಮ್‌ಕಾಮ್ ಹುಟ್ಟಿತ್ತು. ಶ್ರೀಕೃಷ್ಣ ಪಾರಿಜಾತ ಅನ್ನೋ ಬಯಲಾಟ. ಬೆಳಗಾವಿ ಜಿಲ್ಲೆಯ ಕುಲಗೋಡ ತಮ್ಮಣ್ಣನ ಹೆಸರು ಅದಕ್ಕೆ ಅಂಟಿಕೊಂಡಿದೆ. ನಾರದ ಒಂದು ಹೂವು ತರುತ್ತಾನೆ. ಕೃಷ್ಣ ಅದನ್ನು ರುಕ್ಮಿಣಿಗೆ ಕೊಡುತ್ತಾನೆ. ಸತ್ಯಭಾಮೆಗೆ ಸುದ್ದಿ ಮುಟ್ಟುತ್ತದೆ. ಆಮೇಲೆ ಮುನಿಸು, ದೂತಿಯ ಓಡಾಟ, ಅವಳ ಚೂಪು ನಾಲಿಗೆ, ಸಿಕ್ಕಿಬಿದ್ದ ಗಂಡನ ಪೇಚಾಟ. ಒಂದು ಹೂವಿಗಾಗಿ ಜಗಳ, ಅದನ್ನು ಜನ ಬೆಳತನಕ ಕೂತು ನೋಡಿ ನಗುತ್ತಿದ್ದರು. ಕೌಜಲಗಿ ನಿಂಗಮ್ಮನಂಥ ಕಲಾವಿದೆಯರು ಈ ಆಟದಿಂದಲೇ ಹೆಸರಾದವರು. ದೇವರ ಪ್ರೇಮಜಗಳಕ್ಕೆ ಇಡೀ ಊರು ಕೂಡಿ ನಗಬಹುದು, ಕಾದಂಬರಿಯಲ್ಲಿ ಬ್ಯಾಂಕ್ ಕ್ಲರ್ಕ್ ಹುಡುಗಿಯ ಪ್ರೇಮಜಗಳಕ್ಕೆ ನಕ್ಕರೆ ಟೈಂಪಾಸ್ ಆಗೋದು ಹೇಗೆ?

ಆದ್ದರಿಂದ ಯಾರಾದರೂ ಬರೆಯಿರಿ. ಬೆಂಗಳೂರಿನ ಕಾಫಿ ಶಾಪ್ ಸಾಕು, ನಮ್ಮ ಊರಲ್ಲಿ ಬರೆಯಿರಿ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಮನೆಯ ಬಾಗಿಲು-ಚೌಕಟ್ಟು ಮಾರುತ್ತಾರಲ್ಲ, ಅಲ್ಲಿ ಶುರುವಾಗಲಿ. ಹೊಸ ಮನೆ ಕಟ್ಟಿಸುತ್ತಿರುವ ಹುಡುಗಿಯೂ, ಹಟಮಾರಿ ಹುಡುಗನೂ ಒಂದೇ ಬಾಗಿಲಿಗೆ ಅಡ್ವಾನ್ಸ್ ಕೊಟ್ಟಿರಲಿ. ಪಕ್ಕದ ಟೆಂಟಿನಲ್ಲಿ ಕಂಪನಿ ನಾಟಕದ ಮೈಕು ಕೂಗುತ್ತಿರುವುದರಿಂದ ಇಬ್ಬರೂ ಗಂಟಲು ಹರಿದುಕೊಂಡು ಜಗಳವಾಡಲಿ. ನಾಟಕದವರು ಮೈಕ್ ಬಂದ್ ಮಾಡಿದ ಕ್ಷಣಕ್ಕೆ ಹುಡುಗನ ಬಾಯಿಂದ ಏನು ಬಂತು ಅನ್ನೋದನ್ನ ನೀವೇ ಯೋಚಿಸಿ. ಅವನ ಅವ್ವನನ್ನು ಮಾತ್ರ ಮೊದಲನೇ ಅಧ್ಯಾಯದಲ್ಲೇ ಕರೆತನ್ನಿ, ಇಲ್ಲದಿದ್ದರೆ ನಮ್ಮ ಅತ್ತೆಗೆ ಉತ್ತರ ಕೊಡೋದು ನನಗೆ ಕಷ್ಟ.