ಒಂಟಿಕಣ್ಣಿನ ಕಾಫಿ

ಎಡಗಣ್ಣಿನ ಪೊರೆ ತೆಗೆಸಿಕೊಂಡು, ಪಟ್ಟಿ ಕಟ್ಟಿಸಿಕೊಂಡು ಮನೆಗೆ ಬಂದ ಸಂಜೆ ಫ್ಲಾಸ್ಕಿನಿಂದ ಲೋಟಕ್ಕೆ ಕಾಫಿ ಬಗ್ಗಿಸಿದೆ. ಲೋಟ ಖಾಲಿಯೇ ಉಳಿಯಿತು. ಕಾಫಿಯೆಲ್ಲ ಪಕ್ಕದಲ್ಲಿದ್ದ ಪಂಚಾಂಗಕ್ಕೆ!

"ನೋಡ್ಕೊಂಡು ಬಗ್ಗಿಸ್ಬಾರ್ದೇನ್ರೀ?" ಎಂದಳು ಹೆಂಡತಿ.

ನೋಡಿಕೊಂಡೇ ಬಗ್ಗಿಸಿದ್ದೆ. ಲೋಟ ಕಂಡಿತ್ತು, ಅದರ ಹೊಳೆಯುವ ಕಂಠವೂ ಕಂಡಿತ್ತು. ಎಷ್ಟು ದೂರದಲ್ಲಿದ್ದೇನೆ ಎಂಬುದೊಂದನ್ನು ಮಾತ್ರ ಅದು ಬಾಯಿಬಿಡಲಿಲ್ಲ.

ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು 6 ಸೆಂಟಿಮೀಟರ್ ಅಂತರವಂತೆ. ಹಾಗಾಗಿ ಒಂದೇ ಲೋಟ ಎರಡಕ್ಕೂ ಚೂರು ಬೇರೆ ಬೇರೆಯಾಗಿ ಕಾಣುತ್ತದೆ. ಆ ಚೂರು ವ್ಯತ್ಯಾಸ ಹಿಡಿದೇ ಮಿದುಳು ಆಳ ಅಳೆಯುತ್ತದೆ. 1838ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಚಾರ್ಲ್ಸ್ ವೀಟ್‌ಸ್ಟನ್ ಒಂದೊಂದು ಕಣ್ಣಿಗೆ ಒಂದೊಂದು ಚಪ್ಪಟೆ ಚಿತ್ರ ತೋರಿಸಿ, ಎರಡೂ ಸೇರಿ ಉಬ್ಬಿ ನಿಲ್ಲುವುದನ್ನು ಲೋಕಕ್ಕೆ ತಿಳಿಸಿದ. ನನಗೆ ತಿಳಿಯಲು ಒಂದು ಪಂಚಾಂಗ ಬೇಕಾಯಿತು.

ಬಡಗಿ ಹಲಗೆಯ ಅಂಚು ನೋಡುವಾಗ ಒಂದು ಕಣ್ಣು ಮುಚ್ಚುತ್ತಾನಲ್ಲ, ಗೋಲಿಗೆ ಗುರಿಯಿಡುವಾಗ ನಾವೂ ಹಾಗೇ ಮಾಡುತ್ತಿದ್ದೆವು. ನೇರ ನೋಡಲು ಒಂದೇ ಸಾಕು, ಇನ್ನೊಂದು ಅಡ್ಡಗಾಲು. ಅದೇ ಬಡಗಿ ಮೊಳೆಗೆ ಸುತ್ತಿಗೆ ಎತ್ತಿದನೋ, ಎರಡೂ ಕಣ್ಣು ತಾವಾಗಿಯೇ ತೆರೆದುಕೊಳ್ಳುತ್ತವೆ. ಹೆಬ್ಬೆರಳಿನ ಪ್ರಶ್ನೆ.

ಕ್ರಿಕೆಟಿಗ ಮನ್ಸೂರ್ ಅಲಿ ಖಾನ್ ಪಟೌಡಿ ನೆನಪಾದರು. 1961ರಲ್ಲಿ ಇಂಗ್ಲೆಂಡಿನಲ್ಲಿ ಕಾರು ಅಪಘಾತವಾಗಿ ಬಲಗಣ್ಣಿನ ದೃಷ್ಟಿ ಬಹುಮಟ್ಟಿಗೆ ಹೋಯಿತು. ಅದೇ ಡಿಸೆಂಬರಿನಲ್ಲಿ ಮೊದಲ ಟೆಸ್ಟ್ ಆಡಿದರು. 1964ರಲ್ಲಿ ದೆಹಲಿಯಲ್ಲಿ ಇಂಗ್ಲೆಂಡಿನ ಮೇಲೆ ಔಟಾಗದೆ 203. ಅವರಿಗೆ ಎದುರಾದದ್ದು ಹಾರಿ ಬರುವ ಚೆಂಡು. ನನ್ನೆದುರಿನ ಲೋಟವಾದರೋ ಕದಲದೆ ಕೂತಿತ್ತು.

ಮರ್ಯಾದೆ ಉಳಿಸಿಕೊಳ್ಳಲು ಕಿಟಕಿಯತ್ತ ತಿರುಗಿದೆ. ಅಲ್ಲಿ ಯಾವ ತೊಂದರೆಯೂ ಇಲ್ಲ! ತೆಂಗಿನಮರ ಎದುರುಮನೆಯ ನೀರಿನ ಟ್ಯಾಂಕನ್ನು ಮರೆಮಾಡಿದೆ, ಅಂದರೆ ಮರವೇ ಮುಂದೆ. ರಸ್ತೆ ಹೋಗಹೋಗುತ್ತ ಕಿರಿದಾಗುತ್ತದೆ. ದೂರದ ಗುಡ್ಡ ಮಾಸಲು ನೀಲಿ. ಅಷ್ಟು ದೂರದ್ದು ಹೇಗೂ ಎರಡು ಕಣ್ಣಿಗೂ ಒಂದೇ ಥರ ಕಾಣುವುದರಿಂದ ಇಮ್ಮಡಿ ಕಣ್ಣಿನವರಿಗೆ ಹೆಚ್ಚಿನ ಲಾಭವೇನಿಲ್ಲ. ಮೋಸವೆಲ್ಲ ಮೊಳದುದ್ದದ ಒಳಗೆ, ಟೀಪಾಯಿಯ ಮೇಲೆ.

ರೈಲಿನಲ್ಲಿ ಕೂತರೆ ಹಳಿಪಕ್ಕದ ಕಂಬ ಓಡುತ್ತದೆ, ದೂರದ ಗುಡಿಗೋಪುರ ನಿಧಾನಕ್ಕೆ ಜರುಗುತ್ತದೆ, ಚಂದ್ರನಂತೂ ಜೊತೆಗೇ ಬರುತ್ತಾನೆ. ಲೋಟಕ್ಕೂ ಅದೇ ಉಪಾಯ ಮಾಡಿದೆ. ಕತ್ತನ್ನು ಅತ್ತಿತ್ತ ಆಡಿಸಿದರೆ ಮುಂದಿನ ಲೋಟ ಜಾಸ್ತಿ ಸರಿಯಿತು, ಹಿಂದಿನ ಸಕ್ಕರೆ ಡಬ್ಬಿ ಕಡಿಮೆ. ಸಿಕ್ಕಿಬಿತ್ತು! ಫ್ಲಾಸ್ಕಿನ ಮೂತಿಯನ್ನು ಲೋಟದ ಕಂಠಕ್ಕೆ ಟಣ್ ಎಂದು ತಾಗಿಸಿ ಖಾತ್ರಿ ಮಾಡಿಕೊಂಡು ಬಗ್ಗಿಸಿದೆ.

"ಅದ್ಯಾಕ್ರೀ ಕೋಳಿ ಥರ ಕತ್ತು ಕುಣಿಸ್ತೀರಾ?" ಎನ್ನುತ್ತ ಅವಳು ಒದ್ದೆ ಪಂಚಾಂಗವನ್ನು ಫ್ಯಾನಿನ ಕೆಳಗೆ ಬಿಡಿಸಿಟ್ಟಳು. ಏಕಾದಶಿಯ ಹಾಳೆಗೆ ಡಿಕಾಕ್ಷನ್ ಇಳಿದಿತ್ತು.